ನಕ್ಷತ್ರಗಳ ಹುಟ್ಟುಗುರುತು



ನಮ್ಮ ಶಾಲೆಗೆ ಅಂಕುರಾರ್ಪಣೆಯಾದ 1925ರಲ್ಲಿಯೇ ಸಿಸಿಲಿಯಾ ಪೇನ್ ಎಂಬ ಯುವ ವಿಜ್ಞಾನಿ, ನಮ್ಮ ದೇಶದ ಮೇಘನಾದ ಸಹಾ ಅವರ ಸಮೀಕರಣವನ್ನು ಆಧರಿಸಿ, ನಕ್ಷತ್ರಗಳಲ್ಲಿ ಜಲಜನಕವೇ ಅತ್ಯಧಿಕವೆಂದು ತೋರಿಸಿದರು. ಹಿರಿಯರು ಮೊದಲು ಒಪ್ಪಲಿಲ್ಲ, ಕಾಲವೇ ಒಪ್ಪಿಸಿತು.

ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು ಅದರಲ್ಲಿರುವ ಧಾತುಗಳನ್ನು ತಿಳಿಸುತ್ತವೆ. ಭಾರೀ ನಕ್ಷತ್ರಗಳು ಬೇಗನೆ ಸಿಡಿದು ಮೆಗ್ನೀಸಿಯಂ ಚೆಲ್ಲುತ್ತವೆ; ಕಬ್ಬಿಣದ ಹೆಚ್ಚಿನ ಪಾಲು ಶ್ವೇತಕುಬ್ಜಗಳ ಸ್ಫೋಟದಿಂದ ತಡವಾಗಿ ಬರುತ್ತದೆ. ಆದುದರಿಂದ ಇವೆರಡರ ಅನುಪಾತವು, ನಕ್ಷತ್ರವು ಎಂತಹ ನೆಲೆಯಲ್ಲಿ ಹುಟ್ಟಿತೆಂಬುದರ ಗುರುತು. ಈ ಗುರುತನ್ನೂ ಗಯಾ ಉಪಗ್ರಹವು ಅಳೆದ ಚಲನೆಗಳನ್ನೂ ಜೋಡಿಸಿ, ಸುಮಾರು 1000 ಕೋಟಿ ವರ್ಷಗಳ ಹಿಂದೆ ಕಿರಿಯ ಗೆಲಾಕ್ಸಿಯೊಂದು ನಮ್ಮ ಆಕಾಶಗಂಗೆಯಲ್ಲಿ ಬೆರೆತುದನ್ನು ವಿಜ್ಞಾನಿಗಳು 2018ರಲ್ಲಿ ಕಂಡುಕೊಂಡರು. ಬೆರೆತರೂ ಆ ನಕ್ಷತ್ರಗಳ ಹುಟ್ಟುಗುರುತು ಅಳಿದಿಲ್ಲ.

ಈ ಗಡಿನಾಡಿನಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ದಾಖಲಾತಿ ಪುಸ್ತಕವನ್ನು ನಾವು ಅಳುಕಿನಿಂದಲೇ ತೆರೆಯುತ್ತೇವೆ. "ಕನ್ನಡದಲ್ಲಿ ಕಲಿತರೆ ವಿಜ್ಞಾನ ಬಂದೀತೇ?" ಎಂದು ಪೋಷಕರು ಕೇಳುತ್ತಾರೆ. ಈಗ ಹೇಳಿದುದೆಲ್ಲವೂ ನಮ್ಮ ಹತ್ತನೆಯ ತರಗತಿಯ ಮಕ್ಕಳು ಕನ್ನಡದಲ್ಲಿಯೇ ಕೇಳಿ, ಕನ್ನಡದಲ್ಲಿಯೇ ಮರುಪ್ರಶ್ನಿಸಿದ ಪಾಠ. ನಮ್ಮ ಉತ್ತರವೂ ಅದೇ.