ಹಾಲಿನ ಡೈರಿಯಲ್ಲಿ ಪುಸ್ತಕದ ಓದು
(ಸಂಘದ ರಜತ ಮಹೋತ್ಸವದ ದಿನ ಮಾಡಿದ ಭಾಷಣ)



ಸಂಘದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾನು ಲೆಕ್ಕದ ಪುಸ್ತಕಕ್ಕೆ ಸೇರದ ಒಂದು ವಿಷಯ ಹೇಳಬೇಕು ಅಂತ ನಿಂತಿದ್ದೇನೆ. ಸಂಜೆ ಹಾಲು ಹಾಕಿದ ಮೇಲೆ ಡೈರಿ ಜಗುಲಿಯಲ್ಲಿ ನಾವು ಕೆಲವರು ಕೂತು ಪುಸ್ತಕ ಓದುತ್ತೇವಲ್ಲ, ಅದರ ವಿಷಯ. "ಇವರಿಗೆ ಬೇರೆ ಕೆಲಸ ಇಲ್ಲವಾ" ಅಂತ ಕೇಳಿದವರೂ ಇದ್ದಾರೆ. ಅವರಿಗೂ ಇವತ್ತು ಉತ್ತರ ಕೊಡಬೇಕು.

ಕೂತು ಓದೋದು, ಓದಿಸಿ ಕೇಳೋದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ತಾತಂದಿರ ಕಾಲದಲ್ಲಿ ದೇವಸ್ಥಾನದ ಮುಂದೆ ಜೈಮಿನಿ ಭಾರತ ಓದಿಸುತ್ತಿದ್ದರು. ಮಳೆ ಹೋದರೆ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ಓದೋರು, ಒಬ್ಬರು ಅರ್ಥ ಹೇಳೋರು, ಊರೆಲ್ಲ ಕೇಳೋರು. ಅಕ್ಷರ ಬಾರದವರಿಗೂ ಭೀಮ, ಕರ್ಣ ಎಲ್ಲ ಮನೆಯವರ ಹಾಗೆ ಗೊತ್ತಿದ್ದರು. ನಮ್ಮ ಓದಿಗೂ ಅದೇ ಪದ್ಧತಿ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಯಾವ ಪುಸ್ತಕ ಅನ್ನೋದನ್ನು ಸರದಿ ಪ್ರಕಾರ ಒಬ್ಬೊಬ್ಬರು ಹೇಳಬೇಕು. ಇಷ್ಟೇ ನಮ್ಮ ಕಾನೂನು.

ಮೊದಲು ಹಿರಿಯರೊಬ್ಬರ ಮಾತಿಗೆ ಜೈಮಿನಿಯನ್ನೇ ಓದಿದೆವು. ಆಮೇಲೆ ಹುಡುಗರು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತಂದರು. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಬೇಸಾಯವೇ ಬೇಡ ಅನ್ನಿಸಿದ ರೈತನ ಮನಸ್ಸೂ ಅದರಲ್ಲಿದೆ. ಮಂದಣ್ಣನ ಪ್ರಸಂಗ ಬಂದಾಗ ಬಿದ್ದು ಬಿದ್ದು ನಕ್ಕೆವು. ಮೂರನೆಯದು ನಮ್ಮ ನಂಜನಗೂಡು ತಾಲ್ಲೂಕು ದೇವನೂರಿನವರೇ ಆದ ದೇವನೂರ ಮಹಾದೇವ ಅವರ 'ಒಡಲಾಳ'. ಸಾಕವ್ವ ತನ್ನ ಹುಂಜ ಕಳಕೊಂಡು ಊರೆಲ್ಲ ಹುಡುಕುವುದು, ಹಸಿದ ಮನೆಯವರು ರಾತ್ರಿಯೆಲ್ಲ ಕಡಲೇಕಾಯಿ ತಿನ್ನುವುದು ಓದುತ್ತಿದ್ದಾಗ, ತಿ. ನರಸೀಪುರದ ಕಡೆಯಿಂದ ಸೊಸೆಯಾಗಿ ಬಂದ ಒಬ್ಬ ಅಜ್ಜಿ, "ಇದ್ಯಾಕಪ್ಪ ಬುಕ್ಕಲ್ಲಿ ಬರದವ್ರೆ, ನಮ್ಮವ್ವ ಮಾತಾಡ್ತಿದ್ದುದೇ ಇಂಗೆ" ಅಂದರು. ನಮ್ಮ ಮಾತು ಪುಸ್ತಕಕ್ಕೆ ಆಗುವಂಥ ಮಾತು ಅಂತ ನನಗೂ ಅವತ್ತೇ ಗೊತ್ತಾದದ್ದು.

ನಾಲ್ಕನೇ ಸರದಿಗೆ ಗಲಾಟೆ ಬಂತು. ಕೆಳಗಿನ ಕೇರಿಯ ಸದಸ್ಯರೊಬ್ಬರ ಸರದಿ. ಅವರು 'ಕುಸುಮಬಾಲೆ' ಓದೋಣ ಅಂದರು. ಅದೂ ಮಹಾದೇವ ಅವರದ್ದೇ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ಹುಡುಗನನ್ನು ಕೊಂದ ಕಥೆ ಅದರಲ್ಲಿದೆ. ಕೆಲವರು, "ಬೇಡ ಕಣ್ರಪ್ಪ, ಊರಲ್ಲಿ ನೆಮ್ಮದಿಯಾಗಿದ್ದೀವಿ, ಸುಮ್ಮನೆ ಯಾಕೆ" ಅಂದರು. ನಿರ್ದೇಶಕ ಅಂತ ನನ್ನ ಕಡೆ ನೋಡಿದರು. ನಾನು ಧೈರ್ಯ ಮಾಡಲಿಲ್ಲ. "ಈ ಸಲ ಬೇರೆ ಓದೋಣ, ಅದನ್ನು ಮುಂದೆ ನೋಡೋಣ" ಅಂದುಬಿಟ್ಟೆ.

ಅವರು ಜಗಳ ಆಡಲಿಲ್ಲ. ಎದ್ದು ಹೋಗುವಾಗ ಒಂದೇ ಮಾತು ಹೇಳಿದರು: "ಅಣ್ಣ, ನನ್ ಹಾಲೂ ನಿಮ್ ಹಾಲೂ ಒಂದೇ ಕ್ಯಾನಿಗೆ ಉಯ್ತೀರಿ. ಡಿಗ್ರಿ ನೋಡ್ತೀರಿ, ಫ್ಯಾಟ್ ನೋಡ್ತೀರಿ, ಮನೆ ಯಾವುದು ಅಂತ ಕೇಳಲ್ಲ. ಪುಸ್ತಕಕ್ಕೆ ಬಂದಾಗ ಮಾತ್ರ ಯಾಕಣ್ಣ?"

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರದಿ ಅಂತ ಕಾನೂನು ಮಾಡಿದವರು ನಾವೇ, ಮುರಿದವನು ನಾನೇ. ಮಾರನೇ ದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಎಲ್ಲರೆದುರಿಗೇ, "ನಂದು ತಪ್ಪಾಯಿತು, ಭಾನುವಾರದಿಂದ ಆ ಪುಸ್ತಕವನ್ನೇ ಓದೋಣ" ಅಂದೆ.

ಮೂವರು ಬರೋದು ಬಿಟ್ಟರು. ನಾವು ಓದಿದೆವು. ಸುಲಭದ ಪುಸ್ತಕ ಅಲ್ಲ. ನನ್ನ ಎಸ್.ಎಸ್.ಎಲ್.ಸಿ. ಓದಿಗೆ ಕೆಲವು ಸಾಲು ನಿಲುಕಲೇ ಇಲ್ಲ. ಆದರೆ ಗಟ್ಟಿಯಾಗಿ ಓದಿದಾಗ ಅಕ್ಷರ ಬಾರದ ಅಜ್ಜಿಯರೇ ನಮಗೆ ಅರ್ಥ ಹೇಳಿದರು. ರಾತ್ರಿ ದೀಪಗಳೆಲ್ಲ ಜೋತಮ್ಮಂದಿರಾಗಿ ಒಂದು ಕಡೆ ಸೇರಿ ಮನೆಮನೆ ಸುದ್ದಿ ಮಾತಾಡುವ ಭಾಗ ಅವರಿಗೆ ನೀರು ಕುಡಿದಷ್ಟು ಸಲೀಸು. ಕೊಲೆಯ ಸಂಗತಿ ಬಂದ ದಿನ ಯಾರೂ ಮಾತಾಡಲಿಲ್ಲ. ಆದರೆ ಯಾರೂ ಎದ್ದೂ ಹೋಗಲಿಲ್ಲ. ಊರಲ್ಲಿ ಜಗಳವೂ ಆಗಲಿಲ್ಲ. ಬಿಟ್ಟ ಮೂವರಲ್ಲಿ ಇಬ್ಬರು ಮತ್ತೆ ಬರುತ್ತಿದ್ದಾರೆ. ಇನ್ನೊಬ್ಬರು ಬಂದಿಲ್ಲ. ಅವರು ಇವತ್ತು ಸಭೆಯಲ್ಲಿ ಕೂತಿದ್ದಾರೆ. ಜಗುಲಿಯಲ್ಲಿ ಅವರ ಜಾಗ ಹಾಗೇ ಇದೆ ಅಂತ ಕೈಮುಗಿದು ಹೇಳುತ್ತೇನೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂಜೆ ಹೊತ್ತು ಹೆಂಗಸರಿಗೆ ಅಡುಗೆ, ಹಸು ಕರೆಯೋದು, ಮಕ್ಕಳ ಕೆಲಸ. ವಯಸ್ಸಾದವರು ಬಿಟ್ಟರೆ ಉಳಿದ ತಾಯಂದಿರು ಬರಲು ಆಗುತ್ತಿರಲಿಲ್ಲ. ನಮ್ಮ ನಂಜನಗೂಡಿನವರೇ ತಿರುಮಲಾಂಬ ಅಂತ ಇದ್ದರು. 1887ರಲ್ಲಿ ಹುಟ್ಟಿದವರು. ಎಳೇ ವಯಸ್ಸಿಗೇ ವಿಧವೆಯಾದರು. ಆದರೂ ಮೂಲೆ ಸೇರಲಿಲ್ಲ. 1913ರಲ್ಲಿ 'ಸತಿ ಹಿತೈಷಿಣಿ' ಅಂತ ಗ್ರಂಥಮಾಲೆ ಶುರು ಮಾಡಿದರು, 'ಸುಶೀಲೆ' ಕಾದಂಬರಿ ಬರೆದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಆ ಕಾಲದಲ್ಲೇ ಹೆಂಗಸರಿಗೆ ಪುಸ್ತಕ ಮುಟ್ಟಿಸಿದ ತಾಯಿಯ ತಾಲ್ಲೂಕಿನಲ್ಲಿ ನಾವು ಹೆಂಗಸರಿಗೆ ಆಗದ ಹೊತ್ತಿನಲ್ಲಿ ಓದುತ್ತಿದ್ದೆವು! ಈಗ ಭಾನುವಾರ ಮಧ್ಯಾಹ್ನಕ್ಕೂ ಒಂದು ಓದು ಇಟ್ಟಿದ್ದೇವೆ. ಈಗ ಆ ದಿನ ಗಂಡಸರಿಗಿಂತ ಅವರೇ ಜಾಸ್ತಿ.

ಕೊನೆಯದಾಗಿ ನನ್ನ ಬೇಡಿಕೆ. ಸಹಕಾರ ಸಂಘಕ್ಕೂ ಪುಸ್ತಕಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಜನ ಸೇರಿ ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ ಮಾರಿದ ಅದೇ ಜನ ಆಮೇಲೆ ಓದುವ ಕೋಣೆ ಮಾಡಿದರು, ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ವಿದ್ಯೆಗೆ ಇಟ್ಟರು. ಸದಸ್ಯರಿಗೆ ತಿಳುವಳಿಕೆ ಕೊಡುವುದು ಇವತ್ತಿಗೂ ಸಹಕಾರದ ತತ್ವಗಳಲ್ಲಿ ಒಂದು. ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಒಂದು ಬೀರು, ಒಂದು ದೀಪ, ವರ್ಷಕ್ಕೆ ಸ್ವಲ್ಪ ಪುಸ್ತಕ, ಇಷ್ಟಕ್ಕೆ ಮಂಜೂರಾತಿ ಕೊಡಿ ಅಂತ ಕೇಳುತ್ತೇನೆ. ಯಾವ ಪುಸ್ತಕ ಅನ್ನೋದನ್ನು ಮಾತ್ರ ಆಡಳಿತ ಮಂಡಳಿ ತೀರ್ಮಾನ ಮಾಡಬಾರದು, ನಾನೂ ಮಾಡಬಾರದು. ಅದು ಸರದಿಗೇ ಇರಲಿ.

ಇಪ್ಪತ್ತೈದು ವರ್ಷ ಹಾಲನ್ನು ಒಂದೇ ಕ್ಯಾನಿಗೆ ಉಯ್ದಿದ್ದೇವೆ. ಇನ್ನು ಮುಂದೆ ಮಾತನ್ನೂ ಒಂದೇ ಜಗುಲಿಯಲ್ಲಿ ಆಡೋಣ.

ಜೈ ಸಹಕಾರ, ಜೈ ಕರ್ನಾಟಕ.