ಸಂಸಾರದ ನಡುವೆ ಓದು ಮತ್ತು ಬರಹ

(ಸಂಘದ ಮಹಿಳಾ ವಿಭಾಗವು ಮುಂಬಯಿಯಲ್ಲಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಸಾರ ಮತ್ತು ಸಾಹಿತ್ಯಾಸಕ್ತಿಗಳ ಸಮತೋಲನವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ 'ಸಮತೋಲನ' ಎಂಬ ಪದದ ಬಗ್ಗೆಯೇ ನನ್ನ ಮೊದಲ ತಕರಾರು. ತಕ್ಕಡಿಯನ್ನು ಹಿಡಿದು ನಿಂತವರು ಯಾರೆಂಬುದನ್ನು ಅದು ಮರೆಸಿಬಿಡುತ್ತದೆ. ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಉದ್ಯಮವೊಂದರ ಜವಾಬ್ದಾರಿಯ ಹುದ್ದೆಯಲ್ಲಿದ್ದುಕೊಂಡೇ 1979ರಲ್ಲಿ 'ಶಿಕಾರಿ'ಯನ್ನು ಕೊಟ್ಟರು. ವ್ಯಾಸರಾಯ ಬಲ್ಲಾಳರೂ ನೌಕರಿಯ ನಡುವೆಯೇ ಬರೆದವರು. ಇಂಥವರನ್ನು ಕುರಿತು ನಾವು, ಕಚೇರಿಯನ್ನೂ ಬರವಣಿಗೆಯನ್ನೂ ಹೇಗೆ ಹೊಂದಿಸಿಕೊಂಡರು ಎಂದು ಅಚ್ಚರಿಪಡುತ್ತೇವೆ. ಮನೆಯನ್ನು ಹೇಗೆ ನಿಭಾಯಿಸಿದರು ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಲೇಖಕಿಯರಿಗೆಂದೇ ಮೀಸಲಿಟ್ಟಿದ್ದೇವೆ. ಇದು ಆ ಹಿರಿಯರ ಮೇಲಿನ ದೂರಲ್ಲ, ನಮ್ಮ ಅಭ್ಯಾಸದ ಮೇಲಿನದು.

ಬಂಗಾಳದ ರಾಸಸುಂದರಿ ದೇವಿಯ ಆತ್ಮಕಥೆ 'ಅಮಾರ್ ಜೀಬನ್' 1876ರಲ್ಲಿ ಪ್ರಕಟವಾಯಿತು. ಹೆಣ್ಣು ಅಕ್ಷರ ಕಲಿಯುವುದೇ ಅಪರಾಧವೆನಿಸಿದ್ದ ಮನೆಯಲ್ಲಿ ಆಕೆ 'ಚೈತನ್ಯ ಭಾಗವತ'ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದಿಗೆ ಹೋಲಿಸಿ ನೋಡಿ, ತನಗೆ ತಾನೇ ಗುರುವಾದಳು. ಹನ್ನೆರಡು ಮಕ್ಕಳನ್ನು ಹೆತ್ತ ಗೃಹಿಣಿ ಆಕೆ. ನಮ್ಮ ಮನೆಗಳಲ್ಲಿ ಇಂದು ಪುಸ್ತಕವನ್ನು ಯಾರೂ ಬಚ್ಚಿಡಬೇಕಾಗಿಲ್ಲ, ನಿಜ. ಆದರೆ ಮಧ್ಯಾಹ್ನ ಕಾದಂಬರಿ ಹಿಡಿದು ಕುಳಿತಾಕೆ ಕರೆಗಂಟೆ ಕೇಳಿದೊಡನೆ ಅದನ್ನು ದಿಂಬಿನಡಿ ಸೇರಿಸಿ ಬಾಗಿಲು ತೆರೆಯುತ್ತಾಳಲ್ಲ, ಆ ಸಂಕೋಚ ಎಲ್ಲಿಂದ ಬಂತು?

ನಮ್ಮ ಎಂ.ಕೆ. ಇಂದಿರಾ ಅವರ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹನ್ನೆರಡರ ಹರೆಯದಲ್ಲೇ ಮದುವೆಯಾಯಿತು. ಶಾಲೆ ಅಲ್ಲಿಗೆ ಮುಗಿಯಿತು. ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಸುಮಾರಿಗೆ. 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ನಡುವಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಸಾಹಿತ್ಯ ಚರಿತ್ರೆಕಾರರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಆ ವರ್ಷಗಳೇ ಮುಖ್ಯವಾಗಿ ತೋರುತ್ತವೆ. 1976ರ 'ಫಣಿಯಮ್ಮ'ನಿಗೆ ಆಧಾರ, ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ಒಬ್ಬ ಬಾಲವಿಧವೆಯ ಬದುಕು. ಆಕೆ ಇಂದಿರಾ ಅವರ ತಾಯಿಯೊಡನೆ ತೋಡಿಕೊಂಡ ಕಥೆ ಮಗಳ ಕಿವಿಗೂ ಬಿದ್ದಿತ್ತು. ಹೆಂಗಸರ ಹರಟೆಯೆಂದು ಮನೆಯ ಯಜಮಾನರು ಕಿವಿಗೊಡದೆ ಹೋಗುತ್ತಿದ್ದ ಇಂಥ ಮಾತೇ ದಶಕಗಳ ನಂತರ ಕನ್ನಡದ ಒಂದು ಶ್ರೇಷ್ಠ ಕಾದಂಬರಿಯಾಯಿತು. 1983ರಲ್ಲಿ ಪ್ರೇಮಾ ಕಾರಂತರ ಚಲನಚಿತ್ರವೂ ಆಯಿತು. ಆದ್ದರಿಂದ ಸಂಸಾರವು ಸಾಹಿತ್ಯಕ್ಕೆ ಬರೀ ಅಡ್ಡಿ ಎಂದು ನಾನು ಹೇಳಲಾರೆ. ಅದು ಸಾಮಗ್ರಿಯನ್ನು ಧಾರಾಳವಾಗಿ ಕೊಡುತ್ತದೆ, ಹೊತ್ತನ್ನು ಮಾತ್ರ ಕೊಡುವುದಿಲ್ಲ.

ಆದರೆ ಈ ಉದಾಹರಣೆಯನ್ನು ಸಮಾಧಾನದ ಮಾತಾಗಿ ಬಳಸುವವರನ್ನು ಕಂಡರೆ ನನಗೆ ಭಯ. 'ಮಕ್ಕಳು ದೊಡ್ಡವರಾಗಲಿ, ಆಮೇಲೆ ಬರೆದರಾಯಿತು' ಎನ್ನುತ್ತಾರೆ. ಆ 'ಆಮೇಲೆ' ಎಲ್ಲರ ಪಾಲಿಗೂ ಬರುತ್ತದೆಯೆ? ಇಂದಿರಾ ಅವರ ಮೊದಲ ಕಾದಂಬರಿ ಬಂದ ಆ 1963ರಲ್ಲೇ ತ್ರಿವೇಣಿಯವರು ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಸುಮಾರು ಇಪ್ಪತ್ತು ಕಾದಂಬರಿಗಳನ್ನು ಅವರು ಹತ್ತು ವರ್ಷಗಳಲ್ಲಿ ಬರೆದು ಮುಗಿಸಿದ್ದರು. ಕಾಯುತ್ತ ಕುಳಿತಿದ್ದರೆ ನಮಗೆ 'ಶರಪಂಜರ' ಸಿಗುತ್ತಿತ್ತೆ?

ಇನ್ನು ಈ ಊರಿನ ಮಾತು. ಮುಂಬಯಿ ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುವ ಒಂದು ಚರಿತ್ರೆ ನಮ್ಮ ರಾತ್ರಿಶಾಲೆಗಳದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಪುಸ್ತಕ ಹಿಡಿದು ಹೋದ ಹುಡುಗರು ಮುಂದೆ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದರು. ಆ ಶಾಲೆಗಳು ಅವರಿಗೆ ಕೊಟ್ಟದ್ದು ಪಾಠವನ್ನು ಮಾತ್ರವಲ್ಲ, ಎಲ್ಲರೂ ಒಪ್ಪಿದ ಒಂದು ಹೊತ್ತನ್ನು. ಆ ಎರಡು ಗಂಟೆ ಅವನು ಮಾಣಿಯಲ್ಲ, ವಿದ್ಯಾರ್ಥಿ. ಆಗ ಅವನನ್ನು 'ಏ, ಚಹಾ ತಾ' ಎಂದು ಕರೆಯುವಂತಿರಲಿಲ್ಲ. ಗೃಹಿಣಿಗೆ ಅಂಥ ಒಪ್ಪಿತವಾದ ಹೊತ್ತು ಇಂದಿಗೂ ಇಲ್ಲ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಲೋಕಲ್ ಗಾಡಿಯಲ್ಲಿ ನಿಂತೇ ಓದುತ್ತಾರೆ. ಅವರಿಗೆ ದಿನದಲ್ಲಿ ಅದೊಂದೇ ಏಕಾಂತ! ಈಗ ಆ ಏಕಾಂತವನ್ನೂ ಮೊಬೈಲ್ ಕಬಳಿಸುತ್ತಿದೆ ಎಂಬುದು ಬೇರೆ ಮಾತು.

ಓದುವ ಹೊತ್ತನ್ನು ಸಂಸಾರದಿಂದ ಕದ್ದದ್ದೆಂದು ಭಾವಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಬೆಳೆಯುವ ಮಗುವಿಗೆ ಕನ್ನಡ ಅಕ್ಷರ ಅಂಗಡಿಯ ಹಲಗೆಯಲ್ಲಿ, ಬಸ್ಸಿನ ಹಣೆಯ ಮೇಲೆ ಕಾಣುತ್ತದೆ. ಹೊರನಾಡಿನ ನಮ್ಮ ಮಗುವಿಗೆ ಅದು ಕಾಣುವುದು ತಾಯಿತಂದೆಯರ ಕೈಯಲ್ಲಿ ಪುಸ್ತಕವಿದ್ದಾಗ. ಶಾಲೆಯ ಮಾಧ್ಯಮ ಬೇರೆ, ಬೀದಿಯ ಭಾಷೆ ಬೇರೆ. ತಾಯಿ ಓದುವುದನ್ನು ಬಿಟ್ಟ ಮನೆಯಲ್ಲಿ ಕನ್ನಡವು ಊಟಕ್ಕೆ ಕರೆಯುವ ಭಾಷೆಯಾಗಿಯಷ್ಟೇ ಉಳಿಯುತ್ತದೆ. ಕನ್ನಡ ಉಳಿಸಿರೆಂದು ಈ ವೇದಿಕೆಯಿಂದಲೇ ಎಷ್ಟೋ ಭಾಷಣಗಳಾಗಿವೆ. ಆ ಭಾಷಣ ಮಾಡಿದವರು ಮನೆಗೆ ಹೋಗಿ ಒಂದು ಹೊತ್ತಿನ ಪಾತ್ರೆ ತೊಳೆದರೆ, ಅದೂ ಕನ್ನಡದ ಕೆಲಸವೆಂದೇ ನಾನು ಎಣಿಸುತ್ತೇನೆ. (ಮುಂದಿನ ಸಾಲಿನ ಮಹನೀಯರು ನಗುತ್ತಿದ್ದಾರೆ, ನಾನು ತಮಾಷೆಗೆ ಹೇಳಿದ್ದಲ್ಲ.)

ಕೊನೆಯದಾಗಿ ಸಂಘಕ್ಕೆ ಒಂದು ಬೇಡಿಕೆ. ನಮ್ಮ ಗ್ರಂಥಾಲಯ ತೆರೆಯುವುದು ಸಂಜೆ ಆರರಿಂದ ಎಂಟರವರೆಗೆ. ಕಚೇರಿಯಿಂದ ಮರಳುವ ಗಂಡಸರಿಗೆ ಅದು ಅನುಕೂಲ. ಅದೇ ಹೊತ್ತಿಗೆ ಹೆಂಗಸರು ಒಲೆಯ ಮುಂದೆ ಇರುತ್ತಾರೆ. ಕೆಲಸಕ್ಕೆ ಹೋಗುವವರು ಗಾಡಿಯಲ್ಲಿರುತ್ತಾರೆ. ಸದಸ್ಯರ ಪಟ್ಟಿಯಲ್ಲಿ ಮಹಿಳೆಯರು ಕಡಿಮೆ, ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ವಾರ್ಷಿಕ ಸಭೆಯಲ್ಲಿ ಪ್ರತಿವರ್ಷವೂ ವಿಷಾದಿಸುತ್ತೇವೆ. ವಾರದಲ್ಲಿ ಎರಡು ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಾಗಿಲು ತೆರೆದು ಆರು ತಿಂಗಳು ನೋಡಿರಿ. ಮಧ್ಯಾಹ್ನದ ಹೊತ್ತು ಪುಸ್ತಕ ಕೊಡಲು ಸಿಬ್ಬಂದಿಯಿಲ್ಲವೆಂಬ ಉತ್ತರ ಬರುವುದೆಂದು ಬಲ್ಲೆ. ಮಹಿಳಾ ವಿಭಾಗದ ನಾಲ್ವರು ಸರದಿಯಂತೆ ಕುಳಿತುಕೊಳ್ಳಲು ಈಗಾಗಲೇ ಒಪ್ಪಿದ್ದಾರೆ. ಬೀಗದ ಕೈಯ ಇನ್ನೊಂದು ಪ್ರತಿಯನ್ನು ಮಾಡಿಸಿಕೊಟ್ಟರೆ ಸಾಕು.