ದುಡಿಮೆ ಬೇರೆ, ವ್ಯಾಯಾಮ ಬೇರೆ
(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಬಗ್ಗೆ ಮಾತಾಡಲು ನನಗಿಂತ ತಿಳಿದವರು ವೇದಿಕೆ ಮೇಲೆ ಇದ್ದಾರೆ. ಎಸ್.ಎಸ್.ಎಲ್.ಸಿ. ತನಕ ಓದಿದ ರೈತ ನಾನು. ನಮ್ಮೆಲ್ಲರ ನಡದ ಬಗ್ಗೆ ಎರಡು ಮಾತು ಹೇಳುತ್ತೇನೆ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸೀಮೆ ನೆಲ್ಲಿನ ಕಣಜ ಆಯಿತು. ಆದರೆ ನೆಲ್ಲು ಬಗ್ಗಿ ಬೆಳೆಯುವ ಬೆಳೆ. ಸಸಿ ಹಚ್ಚುವ ತಾಯಂದಿರು ಮುಂಜಾನೆಯಿಂದ ಸಂಜೆತನಕ ಕೆಸರಿನಲ್ಲಿ ಬಗ್ಗಿಯೇ ಇರುತ್ತಾರೆ. ಗಂಡಸರು 45 ಕಿಲೋ ಯೂರಿಯಾ, 50 ಕಿಲೋ ಡಿ.ಎ.ಪಿ. ಚೀಲ ಹೊರುತ್ತೇವೆ. ರಾತ್ರಿ "ನಡ ಹಿಡದೈತಿ" ಅಂತ ಒಂದು ಗುಳಿಗೆ. ನೋವಿನ ಗುಳಿಗೆ ಬಹಳ ಕಾಲ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡವೂ ಕೆಡಬಹುದು.

"ದಿನಾ ಹೊಲದಾಗ ದುಡೀತೀವಿ, ನಮಗ್ಯಾಕ ವ್ಯಾಯಾಮ?" ಅಂತ ಕೇಳುತ್ತೀರಿ. ದುಡಿಮೆಯಲ್ಲಿ ಮೈ ಒಂದೇ ಕಡೆ ಬಗ್ಗುತ್ತದೆ, ಅದೇ ಸ್ನಾಯು ದಣಿಯುತ್ತದೆ. ವ್ಯಾಯಾಮದಲ್ಲಿ ಮೈ ಎಲ್ಲ ಕಡೆ, ನಿಧಾನವಾಗಿ, ಉಸಿರಿನ ಜೊತೆ ಆಡುತ್ತದೆ.

ಈಗ ಪಟ್ಟಣಗಳಲ್ಲಿ ಪಿಲಾಟೆಸ್ ಎಂಬ ವ್ಯಾಯಾಮ ಕಲಿಸುತ್ತಾರೆ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ಇದನ್ನು ರೂಢಿಸಿದವರು. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರು ಅವರನ್ನು ಸೆರೆಯಲ್ಲಿಟ್ಟಾಗಲೂ ವ್ಯಾಯಾಮ ಬಿಡಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ಶಾಲೆ ತೆರೆದರು. ಹೊಟ್ಟೆ ಮತ್ತು ಬೆನ್ನಿನ ಒಳ ಸ್ನಾಯುಗಳನ್ನು ಗಟ್ಟಿ ಮಾಡುವುದು, ಉಸಿರಿನ ಮೇಲೆ ಗಮನ ಇಡುವುದು ಇದರ ಮೂಲ.

2015ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆ 10 ಪ್ರಯೋಗಗಳನ್ನು ಕೂಡಿಸಿ ನೋಡಿತು. ಹಳೆಯ ನಡನೋವಿಗೆ ಸುಮ್ಮನಿರುವುದಕ್ಕಿಂತ ಪಿಲಾಟೆಸ್ ಒಳ್ಳೆಯದು, ಆದರೆ ಬೇರೆ ವ್ಯಾಯಾಮಕ್ಕಿಂತ ಅದೇ ಮೇಲು ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಇದರಲ್ಲಿ ನಮಗೊಂದು ಸಮಾಧಾನ ಇದೆ. ದುಬಾರಿ ಯಂತ್ರ ಬೇಡ, ಪಟ್ಟಣದ ಶುಲ್ಕ ಬೇಡ. ಯೋಗವೂ ಆದೀತು, ಗರಡಿ ಮನೆಯ ಸಾಮೂ ಆದೀತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಲೋಕಕ್ಕೇ ಗುರುವಾದರು.

ಮನೆಯ ಚಾಪೆ ಮೇಲೆ ಮಾಡುವಂಥ ಮೂರು ಹೇಳುತ್ತೇನೆ. ಒಂದು, ಅಂಗಾತ ಮಲಗಿ ಮೊಣಕಾಲು ಮಡಚಿ, ಉಸಿರು ಬಿಡುತ್ತಾ ನಡವನ್ನು ಮೇಲೆತ್ತಿ ಇಳಿಸುವುದು. ಎರಡು, ಅಂಗೈ-ಮೊಣಕಾಲ ಮೇಲೆ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಬಳಿಕ ಕೈಕಾಲು ಬದಲಿಸುವುದು. ಮೂರು, ಬೋರಲು ಮಲಗಿ ಎದೆಯನ್ನು ಮೆಲ್ಲಗೆ ಎತ್ತುವುದು. ಒಂದೊಂದು ಎಂಟು-ಹತ್ತು ಸಲ ಸಾಕು. ಉಸಿರು ಬಿಗಿ ಹಿಡಿಯಬಾರದು.

ಇನ್ನು ಮನಸ್ಸಿನ ಮಾತು. ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದಿದ್ದರೆ, ನೆಲ್ಲಿನ ದರ ಬಿದ್ದರೆ ರೈತನಿಗೆ ನಿದ್ದೆ ಎಲ್ಲಿ? ವ್ಯಾಯಾಮದಿಂದ ನೀರು ಬಾರದು, ದರ ಏರದು, ನಿಜ. ಆದರೆ ಉಸಿರು ಎಣಿಸುವ ಆ ಹೊತ್ತು ಚಿಂತೆ ಹಿಂದೆ ಸರಿಯುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ತಗ್ಗುತ್ತದೆ. ತಲೆ ತಣ್ಣಗಿದ್ದರೆ ಲೆಕ್ಕವೂ ಸರಿ, ಮನೆಯೂ ಸರಿ.

ಒಂದು ಎಚ್ಚರಿಕೆ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿರಿ. ಗರ್ಭಿಣಿಯರು, ಬಿ.ಪಿ. ಇದ್ದವರು ಅವರನ್ನು ಕೇಳಿಯೇ ಶುರುಮಾಡಿರಿ.

ಕಡೆಗೆ ಒಂದು ಬೇಡಿಕೆ. ಮುಂಜಾನೆ ಸಂಘದ ಗೋದಾಮಿನ ಪಡಸಾಲೆ ಖಾಲಿ ಇರುತ್ತದೆ. ಅಲ್ಲಿ ಅರ್ಧ ತಾಸು ವ್ಯಾಯಾಮಕ್ಕೆ ಜಾಗ ಕೊಡೋಣ, ಹೆಣ್ಣುಮಕ್ಕಳಿಗೆ ಬೇರೆ ವೇಳೆ ಇಡೋಣ. ಎತ್ತಿಗೆ ಹೆಗಲು ಹುಣ್ಣಾದರೆ ನೊಗ ಹೂಡುವುದಿಲ್ಲ. ನಮ್ಮ ನಡಕ್ಕೂ ಅಷ್ಟು ಕರುಣೆ ತೋರಿಸೋಣ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಜೈ ಸಹಕಾರ.